ರೇಟು ಹೇಳುವವರು ರಜೆ ಹಾಕಿದಾಗ

ಟೇಕಲ್ ಹೋಬಳಿಯ ಟೊಮೆಟೊ ಬೆಳೆಗಾರರಿಗೆ ಕೋಲಾರದ ಎಪಿಎಂಸಿ ದೂರವೇನಲ್ಲ. ಆದರೂ ಹಣ್ಣು ಕೀಳಿಸುವ ಮುನ್ನ ಮಾರುಕಟ್ಟೆಗೇ ಹೋಗಿ ರೇಟು ವಿಚಾರಿಸಿ ಬರುವವರು ಈಗ ಕಡಿಮೆ. ಮಂಡಿಯೊಳಗೆ, ಹರಾಜು ಕೂಗುವ ಗದ್ದಲದ ನಡುವೆಯೇ ಮೊಬೈಲ್ ಹಿಡಿದು, ಇವತ್ತು ಬಾಕ್ಸ್ ಎಷ್ಟಕ್ಕೆ ಹೋಯಿತು, ಯಾವ ಹಣ್ಣಿಗೆ ಯಾವ ಬೆಲೆ, ಎಷ್ಟು ಮಾಲು ಬಂದಿದೆ ಎಂದು ಹೇಳುವ ಯೂಟ್ಯೂಬ್ ಚಾನೆಲ್‌ಗಳಿವೆ. ಕನ್ನಡದಲ್ಲಿ ಶುರುವಾದ ಮಾತು ನಡುವೆ ತೆಲುಗಿಗೆ ಹೊರಳಿ ಮತ್ತೆ ಕನ್ನಡಕ್ಕೆ ಬರುತ್ತದೆ. ಈ ಸೀಮೆಯಲ್ಲಿ ಯಾರಿಗೂ ಅದು ವಿಶೇಷ ಅನ್ನಿಸುವುದಿಲ್ಲ. ಮುಳಬಾಗಿಲು ಕಡೆಯ ವಡ್ಡಹಳ್ಳಿ ಮಾರುಕಟ್ಟೆ, ಚಿಂತಾಮಣಿ, ಗಡಿಯಾಚೆಯ ಮದನಪಲ್ಲಿ, ಎಲ್ಲ ಕಡೆಯ ಬೆಲೆಯೂ ಅಂಗೈಗೆ ಬಂದು ಬೀಳುತ್ತದೆ.

15 ಕಿಲೊ ಬಾಕ್ಸಿನ ಬೆಲೆ ಹೇಗೆ ಕುಣಿಯುತ್ತದೆಂದು ಕೋಲಾರ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2023ರ ಜುಲೈನಲ್ಲಿ ಅದು 2,000 ರೂಪಾಯಿ ದಾಟಿತ್ತು. ಕೀಳಿಸಿದ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆ ಬದಿಗೆ ಸುರಿದ ವರ್ಷಗಳನ್ನೂ ಇವರು ಕಂಡಿದ್ದಾರೆ. ನಾಳೆಗೆ ಆಳು ಕರೆಯಬೇಕೆ, ಎರಡು ದಿನ ತಡೆಯಬೇಕೆ, ಟೆಂಪೊವನ್ನು ಕೋಲಾರಕ್ಕೆ ಬಿಡಬೇಕೆ, ವಡ್ಡಹಳ್ಳಿಗೆ ಬಿಡಬೇಕೆ ಎಂಬ ಲೆಕ್ಕ ರಾತ್ರಿಯೇ ಆಗಬೇಕು. ಆ ಲೆಕ್ಕಕ್ಕೆ ಎರಡು ಮೂರು ನಿಮಿಷದ ಒಂದು ವಿಡಿಯೊ ಆಧಾರವಾಗಿದೆ.

ಹಾಗಿರುವಾಗ ಒಂದು ದಿನ ಆ ಚಾನೆಲ್ ಸುಮ್ಮನಾಗುತ್ತದೆ. ನಡೆಸುವವರಿಗೆ ಜ್ವರ ಬಂದಿರಬಹುದು, ಮನೆಯಲ್ಲಿ ಮದುವೆ ಇರಬಹುದು, ಬೇರೆ ಕೆಲಸ ಸಿಕ್ಕಿರಬಹುದು, ಅಥವಾ ದಿನಾ ಬೆಳಿಗ್ಗೆ ಅದೇ ಜಾಗದಲ್ಲಿ ನಿಂತು ಅದೇ ಮಾತು ಹೇಳಿ ಹೇಳಿ ಸಾಕಾಗಿರಬಹುದು. ಯಾವುದೂ ತಪ್ಪಲ್ಲ. ಆದರೆ ಚಾನೆಲ್ ತೆರೆದವರಿಗೆ ಮೊದಲು ಕಾಣುವುದು ವಾರದ ಹಿಂದಿನ ವಿಡಿಯೊ, ಅದರ ಮೇಲೆ ದಪ್ಪಕ್ಷರದಲ್ಲಿ ‘ಇವತ್ತಿನ ರೇಟು’ ಎಂಬ ಬರಹ. ದಿನಾಂಕ ಗಮನಿಸದೆ ಅದನ್ನೇ ನಂಬಿ ಆಳು ಕರೆದವರಿಗೆ ಆಗುವ ನಷ್ಟ ಸಣ್ಣದಲ್ಲ.

ವಿಡಿಯೊ ಮಾಡುವವರು ವಿರಾಮ ತೆಗೆದುಕೊಂಡಾಗ ನೋಡುಗರ ಕಡೆಗೆ ಅವರ ಹೊಣೆ ಏನು ಎಂಬ ಚರ್ಚೆ ಸಾಮಾನ್ಯವಾಗಿ ಹೊರದೇಶದ ದೊಡ್ಡ ದೊಡ್ಡ ಹೆಸರುಗಳ ಸುತ್ತ ನಡೆಯುತ್ತದೆ. ಅಲ್ಲಿ ಕೇಳುವ ಪ್ರಶ್ನೆ ಅಭಿಮಾನಿಗಳ ಬೇಸರದ್ದು. ನನಗೆ ಟೇಕಲ್ ಕಡೆಯ ಈ ಪ್ರಶ್ನೆ ಹೆಚ್ಚು ಮುಖ್ಯವೆನಿಸುತ್ತದೆ. ನಗಿಸುವ ಚಾನೆಲ್ ಒಂದು ತಿಂಗಳು ನಿಂತರೆ ಯಾರ ಮನೆಯ ಒಲೆಯೂ ಆರುವುದಿಲ್ಲ. ಬೆಲೆ ಹೇಳುವ ಚಾನೆಲ್, ಪರೀಕ್ಷೆಗೆ ಪಾಠ ಹೇಳುವ ಚಾನೆಲ್, ಸರ್ಕಾರಿ ಯೋಜನೆಗೆ ಅರ್ಜಿ ಹಾಕುವುದು ಹೇಗೆಂದು ತೋರಿಸುವ ಚಾನೆಲ್ ಹಾಗಲ್ಲ. ನೋಡುಗರು ತಮ್ಮ ಬದುಕಿನ ಎಷ್ಟು ಭಾಗವನ್ನು ನಿಮ್ಮ ಮಾತಿನ ಮೇಲೆ ಇಟ್ಟಿದ್ದಾರೋ ನಿಮ್ಮ ಮೇಲಿನ ಹೊಣೆ ಅಷ್ಟು. ಸಬ್‌ಸ್ಕ್ರೈಬರ್‌ಗಳ ಸಂಖ್ಯೆಗೂ ಈ ಹೊಣೆಗೂ ಸಂಬಂಧವಿಲ್ಲ. ಲಕ್ಷಗಟ್ಟಲೆ ಜನ ನೋಡುವ ಹಾಸ್ಯದ ಚಾನೆಲ್‌ಗಿಂತ ನಾಲ್ಕು ಹೋಬಳಿಯವರು ಮಾತ್ರ ನೋಡುವ ರೇಟಿನ ಚಾನೆಲ್ ಮೇಲೆ ಭಾರ ಹೆಚ್ಚಿರಬಹುದು.

ಕಾನೂನು ಈ ಭಾರವನ್ನು ಹೊರಿಸುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಪುಕ್ಕಟೆಯಾಗಿ ಮಾಡಿಕೊಡುವ ಕೆಲಸ ‘ಸೇವೆ’ಯ ವ್ಯಾಖ್ಯೆಯೊಳಗೆ ಬರುವುದಿಲ್ಲ. ಯೂಟ್ಯೂಬಿನಲ್ಲಿ ಹಣ ಕೊಡದೆ ನೋಡಿದವರು, ನಡುವೆ ಎಷ್ಟು ಜಾಹೀರಾತು ನೋಡಿದ್ದರೂ, ನಾಳೆ ವಿಡಿಯೊ ಬರಲಿಲ್ಲವೆಂದು ಗ್ರಾಹಕರ ವೇದಿಕೆಯ ಮೆಟ್ಟಿಲು ಹತ್ತಲಾರರು. ಹತ್ತಬಾರದು ಕೂಡ. ಹಾಗೆ ಆಗಿಬಿಟ್ಟರೆ ಮಂಡಿಯಲ್ಲಿ ಮೊಬೈಲ್ ಹಿಡಿಯಲು ಯಾರೂ ಮುಂದೆ ಬರುವುದಿಲ್ಲ.

ಹಣ ಕೊಟ್ಟವರ ಮಾತು ಬೇರೆ. ‘ಜಾಯಿನ್’ ಗುಂಡಿ ಒತ್ತಿ ತಿಂಗಳಿಗಿಷ್ಟು ಎಂದು ಕಟ್ಟುವ ಸದಸ್ಯರಿದ್ದಾರೆ. ಆ ಹಣದಲ್ಲಿ ಶೇಕಡಾ 70ರಷ್ಟು ಚಾನೆಲ್‌ನವರಿಗೆ ಸೇರುತ್ತದೆ. ಕೋರ್ಸಿಗೆ ಮುಂಗಡ ಕೊಟ್ಟ ವಿದ್ಯಾರ್ಥಿಗಳೂ ಇದ್ದಾರೆ. ಇಲ್ಲಿ ಹಳೆಯ ಪತ್ರಿಕೆಗಳ ಲೆಕ್ಕವೇ ಸರಿ. ಟೇಕಲ್ ಇರುವ ಮಾಲೂರು ತಾಲ್ಲೂಕಿನಲ್ಲೇ ಮಾಸ್ತಿ ಗ್ರಾಮವೂ ಇದೆ. ಆ ಊರಿನ ಹೆಸರು ಹೊತ್ತ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1944ರಿಂದ 1965ರವರೆಗೆ ‘ಜೀವನ’ ಪತ್ರಿಕೆಯ ಸಂಪಾದಕರಾಗಿದ್ದರು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಒಂದು ಸಾಹಿತ್ಯ ಪತ್ರಿಕೆಯನ್ನು ನಡೆಸುವುದೆಂದರೆ ಪ್ರತಿ ತಿಂಗಳೂ ಚಂದಾದಾರರ ಮುಂದೆ ನಿಲ್ಲುವುದು. ವರ್ಷದ ಚಂದಾ ಮೊದಲೇ ಕೊಟ್ಟವರಿಗೆ ಅಷ್ಟು ಸಂಚಿಕೆ ತಲುಪಬೇಕು, ತಲುಪದಿದ್ದರೆ ಉಳಿದ ಹಣ ತಲುಪಬೇಕು ಎಂಬುದೇ ಚಂದಾದ ಲೆಕ್ಕ. ಇಂದಿನ ಚಾನೆಲ್‌ಗಳಿಗೂ ಇದು ಅನ್ವಯಿಸಬೇಕು. ಪೇಟ್ರಿಯಾನ್‌ನಂಥ ತಾಣಗಳಲ್ಲಿ ತಿಂಗಳ ವಸೂಲಿಯನ್ನು ತಡೆಹಿಡಿಯುವ ಅನುಕೂಲವಿದೆ. ಮೂರು ತಿಂಗಳು ಏನೂ ಮಾಡುವುದಿಲ್ಲವೆಂದು ಗೊತ್ತಿದ್ದೂ ಸದಸ್ಯರ ಖಾತೆಯಿಂದ ಹಣ ಕಡಿತವಾಗಲು ಬಿಡುವುದು ನನ್ನ ದೃಷ್ಟಿಯಲ್ಲಿ ಸರಿಯಾದ ಕೆಲಸವಲ್ಲ. ‘ಇರಲಿ ಬಿಡಿ, ನಿಮ್ಮ ಮೇಲಿನ ಪ್ರೀತಿಗೆ ಕೊಡುತ್ತೇವೆ’ ಎನ್ನುವ ಸದಸ್ಯರಿರುತ್ತಾರೆ, ನಿಜ. ಆ ಪ್ರೀತಿಯನ್ನು ಅವರು ತಿಳಿದು ಕೊಡಬೇಕು. ಮರೆತದ್ದರಿಂದ ಹೋದ ಹಣವನ್ನು ಪ್ರೀತಿ ಎಂದು ಎಣಿಸಬಾರದು.

ಮುಂಚಿತವಾಗಿ ತಿಳಿಸುವುದು ನಮ್ಮಲ್ಲಿ ಹೊಸ ರೂಢಿಯೇನಲ್ಲ. ಹಬ್ಬದ ದಿನ ಕನ್ನಡ ದಿನಪತ್ರಿಕೆಗಳ ಮುಖಪುಟದಲ್ಲಿ ಒಂದು ಸಣ್ಣ ಚೌಕ ಬರುತ್ತದೆ: ಇಂದು ಕಚೇರಿಗೆ ರಜೆ, ನಾಳೆ ಸಂಚಿಕೆ ಇರುವುದಿಲ್ಲ. ಎಷ್ಟು ದೊಡ್ಡ ಪತ್ರಿಕೆಯಾದರೂ ಅದನ್ನು ಬಿಡುವುದಿಲ್ಲ. ಪ್ರಸಾರ ಕಡಿದಾಗ ದೂರದರ್ಶನ ಹಾಕುತ್ತಿದ್ದ ‘ರುಕಾವಟ್ ಕೇ ಲಿಯೇ ಖೇದ್ ಹೈ’ ಎಂಬ ಫಲಕ ಒಂದು ತಲೆಮಾರಿನವರಿಗೆಲ್ಲ ನೆನಪಿದೆ. ಟಿವಿ ಕೆಟ್ಟಿಲ್ಲ, ತಡೆ ಆಗಿರುವುದು ಅವರ ಕಡೆ ಎಂದು ಅದರಿಂದ ಗೊತ್ತಾಗುತ್ತಿತ್ತು. ಕರಾವಳಿಯ ಯಕ್ಷಗಾನ ಮೇಳಗಳದ್ದು ಇನ್ನೂ ಚೆನ್ನಾದ ವ್ಯವಸ್ಥೆ. ಮೇ ತಿಂಗಳ ಕೊನೆಯ ವಾರದ ಹೊತ್ತಿಗೆ ಬರುವ ಪತ್ತನಾಜೆಗೆ ಮೇಳಗಳ ತಿರುಗಾಟ ಮುಗಿಯುತ್ತದೆ, ಗೆಜ್ಜೆ ಬಿಚ್ಚುತ್ತಾರೆ. ಮಳೆಗಾಲ ಕಳೆದ ಮೇಲೆ ಮತ್ತೆ ಹೊರಡುತ್ತಾರೆ. ಆ ತಿಂಗಳುಗಳಲ್ಲಿ ಆಟ ಯಾಕಿಲ್ಲ ಎಂದು ಯಾರೂ ಕಲಾವಿದರನ್ನು ಕೇಳುವುದಿಲ್ಲ. ಅವರ ವಿಶ್ರಾಂತಿ ಪಂಚಾಂಗದಲ್ಲೇ ಬರೆದಿದೆ. ನೋಡುಗರು ಅದಕ್ಕೆ ಹೊಂದಿಕೊಂಡಿದ್ದಾರೆ, ಕಲಾವಿದರು ಯಾರ ಬಳಿಯೂ ಅಪ್ಪಣೆ ಕೇಳಬೇಕಿಲ್ಲ.

ನಮ್ಮ ವಿಡಿಯೊ ಮಾಡುವವರು ತಮಗೊಂದು ಪತ್ತನಾಜೆ ಇಟ್ಟುಕೊಳ್ಳಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ರೇಟಿನ ಚಾನೆಲ್‌ಗೆ ಭಾನುವಾರವೋ ಮಾರುಕಟ್ಟೆಯ ರಜಾದಿನವೋ, ಪಾಠದ ಚಾನೆಲ್‌ಗೆ ಪರೀಕ್ಷೆ ಮುಗಿದ ಮೇಲಿನ ಒಂದು ತಿಂಗಳೋ, ಯಾವುದಾದರೂ ಆಗಲಿ. ದಣಿದು ಬಿದ್ದ ಮೇಲೆ ತೆಗೆದುಕೊಳ್ಳುವ ವಿರಾಮವನ್ನು ಯಾರಿಗೂ ಮುಂಚಿತವಾಗಿ ಹೇಳಲಾಗುವುದಿಲ್ಲ. ಗೊತ್ತು ಮಾಡಿಟ್ಟ ವಿರಾಮವನ್ನು ಹೇಳಬಹುದು.

ಹೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕನ್ನಡದ್ದೇ ಉದಾಹರಣೆ ಇದೆ. ‘ನಮಸ್ಕಾರ ದೇವ್ರು’ ಎಂದು ಮಾತು ಶುರು ಮಾಡುವ ಡಾ. ಬ್ರೋ, ಅಂದರೆ ಗಗನ್ ಶ್ರೀನಿವಾಸ್, ದೇಶದೇಶ ಸುತ್ತಿ ಕನ್ನಡದಲ್ಲಿ ತೋರಿಸಿದವರು. ಅವರ ವಿಡಿಯೊ ಕೆಲಕಾಲ ಬಾರದಿದ್ದಾಗ ‘ಡಾ. ಬ್ರೋ ಎಲ್ಲಿ?’ ಎಂಬುದೇ ಸುದ್ದಿಯಾಯಿತು. ಇದರಲ್ಲಿ ಅವರ ತಪ್ಪು ಹುಡುಕುವುದು ನನ್ನ ಉದ್ದೇಶವಲ್ಲ. ಒಂಟಿಯಾಗಿ ದೂರದೇಶ ತಿರುಗುವವರಿಗೆ ದಿನಾ ಊರಿಗೆ ವರದಿ ಒಪ್ಪಿಸುವ ಹರಕೆ ಏನೂ ಇಲ್ಲ. ಜನರ ಕಾಳಜಿಯೂ ನಿಜವಾದದ್ದೇ, ಮನೆಮಗನನ್ನು ಕೇಳಿದಂತೆ ಕೇಳಿದರು. ನನ್ನ ತಕರಾರು ಆ ಕಾಳಜಿಯನ್ನು ಕಾಸು ಮಾಡಿಕೊಳ್ಳುವವರ ಮೇಲೆ. ಹೆಸರಾದ ಯಾರಾದರೂ ಹೇಳದೆ ಸುಮ್ಮನಾದರೆ ಸಾಕು, ಕೆಂಪು ಬಾಣದ ಗುರುತು ಹಾಕಿ, ‘ಅಯ್ಯೋ, ಏನಾಯ್ತು?’ ಎಂದು ತಲೆಬರಹ ಕೊಟ್ಟು, ಹತ್ತು ನಿಮಿಷ ಏನನ್ನೂ ಹೇಳದೆ ಎಳೆಯುವ ಚಾನೆಲ್‌ಗಳು ಏಳುತ್ತವೆ. ‘ಕೆಲವು ವಾರ ಇರುವುದಿಲ್ಲ, ಚೆನ್ನಾಗಿದ್ದೇನೆ’ ಎಂಬ ಒಂದು ಸಾಲನ್ನು ಕಮ್ಯುನಿಟಿ ಪೋಸ್ಟಿನಲ್ಲಿ ಹಾಕಿದರೆ ಈ ವ್ಯಾಪಾರದ ಬಂಡವಾಳವೇ ಕರಗುತ್ತದೆ.

ಹೊರಗಿನವರಲ್ಲಿ ಬ್ರಿಟನ್ನಿನ ಯೂಟ್ಯೂಬರ್ ಟಾಮ್ ಸ್ಕಾಟ್ ಅವರ ರೀತಿ ನನಗೆ ಮೆಚ್ಚಿಗೆ. 2014ರ ಜನವರಿ 1ರಿಂದ ವಾರಕ್ಕೊಂದು ವಿಡಿಯೊ, ಹತ್ತು ವರ್ಷ. 2024ರ ಜನವರಿ 1ರಂದು ಆ ಸರಣಿಯ ಕೊನೆಯ ವಿಡಿಯೊ ಹಾಕಿ, ದಣಿದಿದ್ದೇನೆ, ನಿಲ್ಲಿಸುತ್ತಿದ್ದೇನೆ ಎಂದು ನೇರವಾಗಿ ಹೇಳಿದರು. ಅದೇ ತಿಂಗಳು 9ರಂದು ಅಮೆರಿಕದ ಮ್ಯಾಥ್ಯೂ ಪ್ಯಾಟ್ರಿಕ್ ತಮ್ಮ ‘ಗೇಮ್ ಥಿಯರಿ’ ಬಳಗದ ಚಾನೆಲ್‌ಗಳಿಂದ ಹಿಂದೆ ಸರಿಯುವುದಾಗಿ ತಿಳಿಸಿ, ಎರಡು ತಿಂಗಳು ಗಡುವು ಕೊಟ್ಟು, ಬೇರೆ ನಿರೂಪಕರ ಕೈಗೆ ಕೆಲಸ ಒಪ್ಪಿಸಿ ಮಾರ್ಚಿನಲ್ಲಿ ಹೊರಟರು. ಇಬ್ಬರಿಗೂ ಅನುಕೂಲವಿತ್ತು, ಜೊತೆಗೆ ಕೆಲಸ ಮಾಡುವ ಜನರಿದ್ದರು. ಮಂಡಿಯಲ್ಲಿ ಒಬ್ಬರೇ ನಿಂತು ಮೊಬೈಲ್ ಹಿಡಿಯುವವರಿಂದ ಅಷ್ಟನ್ನೇ ನಿರೀಕ್ಷಿಸುವುದು ನ್ಯಾಯವಲ್ಲ. ಆದರೆ ಒಂದು ಸಾಲು ಬರೆಯಲು ಬಳಗ ಬೇಕಿಲ್ಲ.

ಆ ಸಾಲಿನಲ್ಲಿ ಕಾರಣ ಇರಬೇಕೆ? ಬೇಡ. ಇದನ್ನು ಸ್ವಲ್ಪ ಒತ್ತಿಯೇ ಹೇಳಬೇಕು, ಏಕೆಂದರೆ ನಮ್ಮ ನೋಡುಗರು ಕಾರಣ ಕೇಳುವುದರಲ್ಲಿ ಮಿತಿ ಮೀರುತ್ತಾರೆ. ಮನೆಯ ಅಡುಗೆಮನೆಯಲ್ಲೇ ನಿಂತು ಸೊಪ್ಪಿನ ಸಾರು, ಮುದ್ದೆ, ಅವರೆಕಾಳು ಹುಳಿ ತೋರಿಸುವ ಹೆಣ್ಣುಮಕ್ಕಳ ಚಾನೆಲ್ ಎರಡು ವಾರ ನಿಂತರೆ ‘ಏನಕ್ಕಾ, ವಿಶೇಷಾನಾ?’ ಎಂಬ ಪ್ರಶ್ನೆಗಳು ಸಾಲುಗಟ್ಟುತ್ತವೆ. ಗಂಡ ಕಾಣದಿದ್ದರೆ ಗಂಡನ ಬಗ್ಗೆ, ತಾಳಿ ಸೆರಗಿನ ಮರೆಯಲ್ಲಿದ್ದರೆ ತಾಳಿಯ ಬಗ್ಗೆ. ಗರ್ಭಪಾತವಾಗಿ ಹಾಸಿಗೆ ಹಿಡಿದವರಿಗೆ ಈ ಪ್ರಶ್ನೆ ಹೇಗೆ ತಗಲುತ್ತದೆಂದು ಕೇಳುವವರು ಯೋಚಿಸುವುದೇ ಇಲ್ಲ. ಅಡುಗೆ ಕಲಿಸಿದವರು ನಮಗೆ ಕೊಟ್ಟದ್ದು ಅಡುಗೆ. ಅವರ ಮೈ, ಮನಸ್ಸು, ಸಂಸಾರದ ಮೇಲೆ ನಮಗೆ ಯಾವ ಹಕ್ಕೂ ಹುಟ್ಟುವುದಿಲ್ಲ. ಕೆನಡಾದ ಯೂಟ್ಯೂಬರ್ ಎಲ್ ಮಿಲ್ಸ್ 2018ರಲ್ಲಿ, 19ನೇ ವಯಸ್ಸಿಗೇ ತಾನು ಪೂರ್ತಿ ಬಳಲಿಹೋಗಿದ್ದೇನೆ ಎಂದು ವಿಡಿಯೊ ಮಾಡಿ ಹೇಳಿಕೊಂಡಾಗ ಜಗತ್ತೆಲ್ಲ ಅದನ್ನು ಮಾತಾಡಿತು. ಅದು ಆಕೆಯ ಧೈರ್ಯ. ಆದರೆ ವಿರಾಮಕ್ಕೆ ಮುನ್ನ ಕ್ಯಾಮೆರಾ ಮುಂದೆ ಅಳಲೇಬೇಕೆಂಬ ರೂಢಿ ಬೆಳೆದರೆ ಅದಕ್ಕಿಂತ ಕ್ರೂರವಾದದ್ದಿಲ್ಲ.

ವಿರಾಮ ತೆಗೆದುಕೊಳ್ಳಲು ಜನ ಹೆದರುವುದಕ್ಕೆ ಇನ್ನೊಂದು ಕಾರಣ ಅಲ್ಗಾರಿದಂ. ಒಂದು ವಾರ ತಪ್ಪಿದರೆ ಯೂಟ್ಯೂಬ್ ತಮ್ಮನ್ನು ಮೂಲೆಗೆ ತಳ್ಳುತ್ತದೆ ಎಂಬ ನಂಬಿಕೆ ಗಟ್ಟಿಯಾಗಿ ಕೂತಿದೆ. ಸಾವಿರಾರು ಚಾನೆಲ್‌ಗಳ ವಿರಾಮವನ್ನು ಗಮನಿಸಿದ್ದೇವೆ, ವಿರಾಮದ ಉದ್ದಕ್ಕೂ ನೋಟಗಳ ಏರಿಳಿತಕ್ಕೂ ಸಂಬಂಧ ಕಾಣಲಿಲ್ಲ, ಮರಳಿದ ಮೇಲೆ ನೋಡುಗರಿಗೆ ಮತ್ತೆ ಅಭ್ಯಾಸವಾಗಲು ಸ್ವಲ್ಪ ಸಮಯ ಹಿಡಿಯಬಹುದು ಎಂದು ಯೂಟ್ಯೂಬ್ ತನ್ನ ಸಹಾಯ ಪುಟದಲ್ಲಿ ಹೇಳಿಕೊಂಡಿದೆ. ಆದರೆ ಅದೇ ಕಂಪನಿಯ ಇನ್ನೊಂದು ನಿಯಮವಿದೆ: ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ವಿಡಿಯೊ ಆಗಲಿ ಕಮ್ಯುನಿಟಿ ಪೋಸ್ಟ್ ಆಗಲಿ ಹಾಕದ ಚಾನೆಲ್‌ನ ವರಮಾನ ನಿಲ್ಲಿಸುವ ಹಕ್ಕು ಅದಕ್ಕಿದೆ. 1,000 ಸಬ್‌ಸ್ಕ್ರೈಬರ್ ಮತ್ತು 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಎಂಬ ಹೊಸ್ತಿಲನ್ನು ಕಷ್ಟಪಟ್ಟು ದಾಟಿದ ಹಳ್ಳಿಯವರಿಗೆ ಇದು ಸಣ್ಣ ಭಯವಲ್ಲ. ಹೆರಿಗೆಗೆ, ಕಾಯಿಲೆಗೆ, ತಂದೆತಾಯಿಯ ಆರೈಕೆಗೆ ಆರು ತಿಂಗಳಿಗಿಂತ ಹೆಚ್ಚು ಬೇಕಾಗುವ ಮನೆಗಳಿವೆ. ನಡುವೆ ಒಂದು ಪೋಸ್ಟ್ ಹಾಕಿದರೂ ಚಾನೆಲ್ ಜೀವಂತವಿದೆ ಎಂದು ತೋರಿಸಿದಂತಾಗುತ್ತದೆ ಎಂಬುದನ್ನಾದರೂ ಎಲ್ಲರೂ ತಿಳಿದಿರಬೇಕು. ನೋಡುಗರಿಗೆ ತಿಳಿಸುವ ಅದೇ ಸಾಲು ಇಲ್ಲಿಯೂ ಕೆಲಸಕ್ಕೆ ಬರುತ್ತದೆ.

ಸಾಲು ಬರೆದ ಮೇಲೂ ಒಂದು ಕೆಲಸ ಉಳಿಯುತ್ತದೆ, ಅದನ್ನು ಬಹಳ ಜನ ಮರೆಯುತ್ತಾರೆ. ನೀವು ಬಾಗಿಲು ಹಾಕಿಕೊಂಡು ಹೋದರೂ ನಿಮ್ಮ ಕಾಮೆಂಟ್ ಪೆಟ್ಟಿಗೆ ತೆರೆದೇ ಇರುತ್ತದೆ. ಎಲೆ ಮುದುರಿದೆ, ಯಾವ ಔಷಧಿ ಹೊಡೆಯಲಿ ಎಂದು ಒಬ್ಬರು ಕೇಳುತ್ತಾರೆ. ನಿಮ್ಮದೇ ಚಿತ್ರ, ನಿಮ್ಮದೇ ಹೆಸರು ಹಾಕಿಕೊಂಡ ಇನ್ಯಾರೋ ಅದರ ಕೆಳಗೆ ವಾಟ್ಸ್‌ಆ್ಯಪ್ ನಂಬರ್ ಬಿಟ್ಟು, ಇಲ್ಲಿಗೆ ಮೆಸೇಜ್ ಮಾಡಿ ಎನ್ನುತ್ತಾರೆ. ಈ ಮೋಸ ಯೂಟ್ಯೂಬಿನಲ್ಲಿ ಹಳೆಯದು. ಚಾನೆಲ್ ನಡೆಸುವವರು ದಿನಾ ಕಣ್ಣಿಟ್ಟಿದ್ದರೆ ಅಂಥವನ್ನು ಅಳಿಸುತ್ತಾರೆ. ಅವರಿಲ್ಲದ ತಿಂಗಳುಗಳಲ್ಲಿ ಅದು ಬೆಳೆದುಕೊಳ್ಳುತ್ತದೆ, ನಂಬಿದವರು ಬಿತ್ತನೆ ಬೀಜಕ್ಕೋ ಸಾಲಕ್ಕೋ ಎಂದು ಹಣ ಕಳಿಸಿಬಿಡುತ್ತಾರೆ. ಮೋಸ ಹೋದವರು ನಂಬಿದ್ದು ನಿಮ್ಮ ಹೆಸರನ್ನು. ಹೊಸ ಕಾಮೆಂಟ್ ಬಾರದಂತೆ ತಡೆದು ಹಳೆಯದನ್ನು ಉಳಿಸಿಕೊಳ್ಳುವ ಅವಕಾಶ ಈಗ ಯೂಟ್ಯೂಬ್ ಸ್ಟುಡಿಯೊದಲ್ಲಿದೆ. ಎಲ್ಲ ಕಾಮೆಂಟನ್ನೂ ಪರಿಶೀಲನೆಗೆ ತಡೆದಿಡುವ ಅವಕಾಶವೂ ಇದೆ. ಹೊರಡುವ ಮುನ್ನ ಇಷ್ಟು ಮಾಡುವುದನ್ನು ನಾನು ಸೌಜನ್ಯ ಎಂದು ಕರೆಯಲಾರೆ, ಇದು ಹೊಣೆ.

ಹಳೆಯ ವಿಡಿಯೊಗಳಿಗೂ ಇದೇ ಮಾತು. ಬೆಳೆ ವಿಮೆಯ ಕೊನೆಯ ದಿನಾಂಕ ಹಂಗಾಮಿನಿಂದ ಹಂಗಾಮಿಗೆ ಬದಲಾಗುತ್ತದೆ, ಸಬ್ಸಿಡಿಯ ಷರತ್ತು ಬದಲಾಗುತ್ತದೆ, ಅರ್ಜಿ ಹಾಕುವ ಜಾಲತಾಣವೇ ಬದಲಾಗುತ್ತದೆ. ವಿಡಿಯೊದ ಕೆಳಗಿನ ವಿವರಣೆಯಲ್ಲಿ, ಸಾಧ್ಯವಾದರೆ ಮೇಲೆ ಪಿನ್ ಮಾಡಿದ ಕಾಮೆಂಟಿನಲ್ಲಿ, ಇದು ಯಾವ ವರ್ಷದ ಮಾಹಿತಿ, ಈಗ ಎಲ್ಲಿ ವಿಚಾರಿಸಬೇಕು ಎಂದು ಬರೆದಿಟ್ಟರೆ ಸಾಕು. ರೇಟಿನ ಚಾನೆಲ್‌ನವರಿಗೆ ಇದು ಇನ್ನೂ ಸುಲಭ. ರಾಜ್ಯದ ಕೃಷಿ ಮಾರಾಟ ಇಲಾಖೆ ‘ಕೃಷಿ ಮಾರಾಟ ವಾಹಿನಿ’ ಎಂಬ ತಾಣದಲ್ಲಿ ಮಾರುಕಟ್ಟೆವಾರು ಆವಕ ಮತ್ತು ಬೆಲೆಯನ್ನು ಹಾಕುತ್ತದೆ. ಮಂಡಿಯ ಹುಡುಗರ ಬಾಯಲ್ಲಿ ಬರುವ ಬಿಸಿ ಅದರಲ್ಲಿಲ್ಲ, ಯಾವ ಹಣ್ಣು ಯಾಕೆ ಬಿತ್ತು ಎಂಬ ಮಾತೂ ಇಲ್ಲ. ಆದರೂ ನಾನಿಲ್ಲದಾಗ ಅಲ್ಲಿ ನೋಡಿ ಎಂದು ಕೊಂಡಿ ಕೊಡಬಹುದು. ಪಕ್ಕದ ಮಂಡಿಯಲ್ಲಿ ನಿಂತು ವಿಡಿಯೊ ಮಾಡುವವರ ಹೆಸರನ್ನೂ ಹೇಳಬಹುದು. ಸ್ಪರ್ಧಿಯ ಹೆಸರು ಹೇಳಿದರೆ ನೋಡುಗರು ಅತ್ತ ಹೋಗಿಬಿಡುತ್ತಾರೆ ಎಂಬ ಅಳುಕು ಸಹಜ. ಆದರೆ ತಮ್ಮ ಬೆಳೆಯ ಬಗ್ಗೆ ಅಷ್ಟು ಯೋಚಿಸಿದವರನ್ನು ರೈತರು ಬಿಟ್ಟುಹೋಗುತ್ತಾರೆಂದು ನನಗೆ ತೋರುವುದಿಲ್ಲ.

ಪಾಠದ ಚಾನೆಲ್‌ಗಳು ಸರಣಿಯನ್ನು ಅರ್ಧಕ್ಕೆ ನಿಲ್ಲಿಸಬಾರದು, ಶುರು ಮಾಡುವ ಮುನ್ನವೇ ಎಷ್ಟು ಪಾಠ ಎಂದು ಅಳೆದು ಹೇಳಬೇಕು. ಅಷ್ಟು ಹೇಳಿದರೆ ಸಾಕು, ಅದರಲ್ಲಿ ವಾದವೇನಿಲ್ಲ.

ಕೊನೆಗೆ, ಮರಳಿ ಬಾರದ ವಿರಾಮದ ಮಾತು. ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ರಾತ್ರಿಯಿಡೀ ನಡೆಯುವ ಕೇಳಿಕೆ ಎಂಬ ಬಯಲಾಟವನ್ನು, ಊರ ಜಾತ್ರೆಯನ್ನು, ಹೊಲದ ನಡುವಿನ ವೀರಗಲ್ಲನ್ನು, ಕಲ್ಲುಕುಟಿಗರ ಕೆಲಸವನ್ನು ಮೊಬೈಲಿನಲ್ಲಿ ಹಿಡಿದು ಹಾಕಿದ ಸಣ್ಣ ಸಣ್ಣ ಚಾನೆಲ್‌ಗಳು ಈಗ ಬೇಕಾದಷ್ಟಿವೆ. ನೋಟ ಕೆಲವು ನೂರು, ವರಮಾನ ಸೊನ್ನೆ. ಬೇಸರ ಬಂದು ನಡೆಸುವವರು ಬಿಟ್ಟುಬಿಡುತ್ತಾರೆ, ಕೆಲವರು ಕೋಪದಲ್ಲಿ ಎಲ್ಲವನ್ನೂ ಅಳಿಸಿಯೂ ಬಿಡುತ್ತಾರೆ. ಅಳಿಸುವ ಹಕ್ಕು ಅವರದೇ, ಆದರೂ ಅಳಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಕೋಲಾರ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 10ನೇ ಸಂಪುಟವಾಗಿ 1905ರಲ್ಲಿ ಪ್ರಕಟಿಸಿದರು, ಟೇಕಲ್ಲಿನವೂ ಅದರಲ್ಲಿವೆ. ನೂರು ವರ್ಷ ಕಳೆದರೂ ಈ ಊರಿನ ಇತಿಹಾಸ ಬರೆಯುವವರು ಮೊದಲು ಅದನ್ನೇ ತೆರೆಯುತ್ತಾರೆ. ಇವತ್ತು ಒಂದು ಕೇಳಿಕೆಯನ್ನು ಪೂರ್ತಿ ಹಿಡಿದಿಟ್ಟ ವಿಡಿಯೊಗೆ, ಭಾಗವತರು ತೀರಿಕೊಂಡ ಮೇಲೆ, ಅಷ್ಟೇ ಬೆಲೆ ಬರಬಹುದು.

ಎರಡು ವರ್ಷ ಬಳಸದ ಖಾತೆಗಳನ್ನು ಅಳಿಸುವ ನೀತಿಯನ್ನು ಗೂಗಲ್ 2023ರಲ್ಲಿ ತಂದಿತು. ಯೂಟ್ಯೂಬ್ ವಿಡಿಯೊ ಇರುವ ಖಾತೆಗಳನ್ನು ಸದ್ಯಕ್ಕೆ ಅಳಿಸುವ ಯೋಚನೆಯಿಲ್ಲ ಎಂದೂ ಆಗ ಹೇಳಿತು. ‘ಸದ್ಯಕ್ಕೆ’ ಎಂಬುದನ್ನು ನಂಬಿ ಕೂರುವಂತಿಲ್ಲ. ಖಾತೆ ಇಷ್ಟು ತಿಂಗಳು ಸುಮ್ಮನಿದ್ದರೆ ಇಂಥವರಿಗೆ ತಿಳಿಸಿ, ಇದರೊಳಗಿನದನ್ನು ಇವರ ಕೈಗೆ ಕೊಡಿ ಎಂದು ಮೊದಲೇ ಬರೆದಿಡುವ ಅನುಕೂಲ ಗೂಗಲ್ ಖಾತೆಯ ಸೆಟ್ಟಿಂಗಿನಲ್ಲೇ ಇದೆ. 3ರಿಂದ 18 ತಿಂಗಳವರೆಗಿನ ಗಡುವನ್ನು ಆರಿಸಿಕೊಳ್ಳಬಹುದು, 10 ಜನರವರೆಗೆ ಹೆಸರು ಕೊಡಬಹುದು. ಮಗಳ ಹೆಸರು ಕೊಡಿ, ಊರಿನ ಮೇಷ್ಟರ ಹೆಸರು ಕೊಡಿ. ಮೂಲ ವಿಡಿಯೊಗಳ ಒಂದು ಪ್ರತಿಯನ್ನು ಹಾರ್ಡ್‌ಡಿಸ್ಕಿಗೆ ಹಾಕಿ, ಯಾವ ಊರು, ಯಾವ ದಿನ, ಹಾಡಿದವರು ಯಾರು ಎಂದು ಒಂದು ಹಾಳೆಯಲ್ಲಿ ಬರೆದು ಅದರ ಜೊತೆಗಿಡಿ. ವಿರಾಮ ತೆಗೆದುಕೊಳ್ಳುವ ಮುನ್ನ, ಕೈಯಲ್ಲಿ ಇನ್ನೂ ಸ್ವಲ್ಪ ಉತ್ಸಾಹ ಇರುವಾಗಲೇ, ಇದನ್ನು ಮಾಡಿ ಮುಗಿಸಿ.